ಮಾಡಿದ ಬಡಿಗನ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಬೆಳಗಾವಿಯ ವಡಗಾವಿ ಕಡೆಯ ಬಡಿಗ. ಅಪ್ಪನ ಕೈಕೆಳಗೆ ರಂದಾ ಹೊಡೆಯಲು ಕಲಿತವನು. ಈಗ ಹೊಸ ಕೆಲಸ ಕಡಿಮೆ, ಹಳೆ ಸಾಮಾನಿನ ದುರಸ್ತಿಯೇ ಜಾಸ್ತಿ. ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಫರ್ನಿಚರ್ ಕೊಳ್ಳುವವರಿಗೆ ಸಲಹೆ ಅಂತ ಒಂದು ಬರಹ ಬಂದಿತ್ತು. ಬಹಳಷ್ಟು ಸರಿಯಾಗಿಯೇ ಇತ್ತು. ಗೆದ್ದಲು ಹತ್ತಿದೆಯಾ ನೋಡಿ, ಕಾಲು ಅಲುಗಾಡಿಸಿ ನೋಡಿ, ಡ್ರಾವರ್ ಪೂರ್ತಿ ಹೊರಗೆ ಎಳೆದು ನೋಡಿ ಅಂದಿದ್ದರು. ಎಲ್ಲ ಒಪ್ಪಿದೆ. ಆದರೆ ನಡುವೆ ಒಂದು ಸಾಲು ಸೇರಿಸಿದ್ದರು. ಮೇಲೆ ವೆನಿಯರ್, ಅಂದರೆ ಮರದ ತೆಳು ಹಾಳೆ, ಅಂಟಿಸಿದ್ದರೆ ಅದು ಅಸಲಿ ಮರದ್ದಲ್ಲ, ದುಡ್ಡು ಸುರಿಯಬೇಡಿ ಅಂತ. ಆ ಸಾಲಿನಿಂದಾಗಿಯೇ ಈ ಪತ್ರ.

ಆ ಪುರವಣಿ ಓದಿ ಕ್ಯಾಂಪಿನ ಹಳೆ ಬಂಗಲೆಯೊಂದರ ಹಿರಿಯ ಹೆಣ್ಣುಮಗಳು ನನಗೆ ಫೋನ್ ಮಾಡಿದರು. ಅವರ ಮನೆಗೆ ನಾನು ಮೊದಲಿಂದಲೂ ಹೋಗಿಬರುವವನು.

"ಮಿಸ್ತ್ರಿ, ನಮ್ಮ ಮನ್ಯಾಗಿನ ಆ ಫ್ರೆಂಚ್ ಕಪಾಟ ಐತಲ್ಲ, ಅದು ಬರೇ ಮ್ಯಾಲ ಹಚ್ಚಿದ್ದಂತ. ಪೇಪರ್‌ನಾಗ ಬಂದೈತಿ. ಗುಜರಿಯವಗ ಕೊಟ್ಟು ಬಿಡೂಣು ಅಂತೀನಿ" ಅಂದರು.

"ಅಕ್ಕಾರ, ಕೊಡೂದು ಇದ್ದ ಐತಿ. ಮೊದಲ ನಾ ಬಂದು ಮ್ಯಾಲಿನ ಕಲ್ಲು ಎತ್ತಿ ನೋಡ್ತೀನಿ, ತಡೀರಿ" ಅಂದೆ.

ಆ ಕಪಾಟು ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಸೊಂಟದೆತ್ತರದ್ದು. ಉದ್ದನೆಯ ಎರಡು ಡ್ರಾವರ್, ಒಂದರ ಕೆಳಗೊಂದು. ಮುಂಭಾಗವೂ ಪಕ್ಕಗಳೂ ಹೊರಕ್ಕೆ ಉಬ್ಬಿವೆ, ಕಾಲುಗಳು ಬಾಗಿವೆ. ಎರಡು ಡ್ರಾವರ್‌ಗಳ ನಡುವೆ ಪಟ್ಟಿ ಕಾಣುವುದೇ ಇಲ್ಲ, ಮುಂಭಾಗ ಪೂರ್ತಿ ಒಂದೇ ಚಿತ್ರದ ಹಾಗೆ ಹರಿದಿದೆ. ಹಿಡಿಕೆ, ಬೀಗದ ಕಣ್ಣು, ಮೂಲೆ, ಕಾಲಿನ ತುದಿ, ಎಲ್ಲ ಕಡೆ ಕಂಚಿನ ಎಲೆ ಬಳ್ಳಿ. ಅದರ ಮೇಲೆ ಬಂಗಾರದ ಲೇಪ. ತಲೆ ಮೇಲೆ ಕೆಂಪು ಬೂದು ಬಣ್ಣದ ಮಾರ್ಬಲ್. 1947ರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಊರು ಬಿಡುವಾಗ ಲಿಲಾವಿನಲ್ಲಿ ಹಿಡಿದದ್ದು ಅಂತ ಮನೆಯವರು ಹೇಳುತ್ತಾರೆ.

ಫ್ರಾನ್ಸಿನಲ್ಲಿ ಇಂಥ ಡ್ರಾವರ್ ಕಪಾಟು ಶುರುವಾದದ್ದು 1700ರ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಅಲ್ಲಿಯೂ ಬಟ್ಟೆಬರೆ ಇಡಲು ಮುಚ್ಚಳದ ಪೆಟ್ಟಿಗೆಗಳೇ. ಅಡಿಯಲ್ಲಿರುವ ಅಂಗಿ ಬೇಕಾದರೆ ಮೇಲಿನದೆಲ್ಲ ತೆಗೆಯಬೇಕು. ಆಂದ್ರೆ ಶಾರ್ಲ್ ಬೂಲ್ ಅನ್ನುವವನು 1708ರ ಹೊತ್ತಿಗೆ ಹದಿನಾಲ್ಕನೇ ಲೂಯಿ ರಾಜನ ತ್ರಿಯಾನೋ ಅರಮನೆಗೆ ಒಂದು ಜೊತೆ ಮಾಡಿಕೊಟ್ಟ. ಆಮೆ ಚಿಪ್ಪು, ಹಿತ್ತಾಳೆ ತಗಡು ಕತ್ತರಿಸಿ ಕೂರಿಸಿದ ಕೆಲಸ. ಅಲ್ಲಿಂದ ಮುಂದೆ ಪ್ಯಾರಿಸ್ಸಿನ ದೊಡ್ಡ ಮನೆಗಳಿಗೆಲ್ಲ ಇದು ಬೇಕಾಯಿತು. ರಾಜ ಇಟ್ಟುಕೊಂಡದ್ದನ್ನು ಊರು ಬಿಡುತ್ತದೆಯೇ?

ಈಗ ವೆನಿಯರ್ ವಿಷಯ. ಇವತ್ತು ನಮ್ಮ ಅಂಗಡಿಗಳಲ್ಲಿ ಸಿಗುವ ವೆನಿಯರ್ ಯಂತ್ರದಲ್ಲಿ ಸವರಿದ್ದು. ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಅದನ್ನು ಪ್ಲೈವುಡ್ ಮೇಲೆ ಅಂಟಿಸುತ್ತಾರೆ. ಬರೆದವರ ತಲೆಯಲ್ಲಿ ಅದೇ ಇತ್ತು ಅಂತ ಕಾಣುತ್ತದೆ. ಆ ಕಾಲದ ವೆನಿಯರ್ ಬೇರೆ. ದಿಮ್ಮಿಯನ್ನು ನಿಲ್ಲಿಸಿ ಬಿಗಿದು, ಇಬ್ಬರು ಆಳು ಆಚೆ ಈಚೆ ನಿಂತು ಚೌಕಟ್ಟಿನ ಗರಗಸದಿಂದ ಹಾಳೆ ಹಾಳೆಯಾಗಿ ಕೊಯ್ಯುತ್ತಿದ್ದರು. ಒಂದೊಂದು ಹಾಳೆ ಅರ್ಧ ಸೂತ, ಅಂದರೆ ಒಂದೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ. ಕೈ ಒಂದು ಕೂದಲು ಆಚೀಚೆ ಆದರೆ ಹಾಳೆ ಹೋಯಿತು. ಮರವೋ ಬ್ರೆಜಿಲ್‌ನಿಂದ ಹಡಗಿನಲ್ಲಿ ಬಂದದ್ದು. ಟುಲಿಪ್‌ವುಡ್, ಕಿಂಗ್‌ವುಡ್ ಅಂತ ಕರೆಯುವ ಮರಗಳು. ಎರಡೂ ನಮ್ಮ ಖಾನಾಪುರ ಕಡೆ ಕಾಡಿನ ಬೀಟೆಯ ಬಳಗದವೇ. ಈ ಮರಗಳ ಕಾಂಡ ಸಣ್ಣ, ಅಗಲದ ಹಲಗೆ ಸಿಗುವುದೇ ಇಲ್ಲ. ಸಿಕ್ಕಿದ್ದನ್ನು ಇಡಿಯಾಗಿ ಹಾಕಿದರೂ ಬೇಸಿಗೆಗೆ ಸೀಳು ಬಿಡುತ್ತದೆ. ಹಾಗಾಗಿ ಕೆಳಗೆ ಓಕ್ ಅಥವಾ ಪೈನ್ ಮರದ ಗಟ್ಟಿ ಒಡಲು, ಮೇಲೆ ಈ ಹಾಳೆ. ಹೋಳಿಗೆಯ ಕಣಕ ತೆಳ್ಳಗಿದೆ ಅಂತ ಯಾರಾದರೂ ಬೈಯುತ್ತಾರಾ? ತೆಳ್ಳಗೆ ಮಾಡಲು ಬರುವವರನ್ನು ನಾವು ಹೊಗಳುತ್ತೇವೆ.

ಇನ್ನೊಂದು ಮಾತು. ಉಬ್ಬಿದ ಮೈಗೆ ವೆನಿಯರ್ ಕೂರಿಸುವುದು ಸುಮ್ನೆ ಅಲ್ಲ. ಸಪಾಟು ಹಲಗೆ ಮೇಲೆ ಯಾರಾದರೂ ಅಂಟಿಸಿಯಾರು. ಇಲ್ಲಿ ಮೈ ಮೇಲಿಂದ ಕೆಳಕ್ಕೂ ಬಾಗಿದೆ, ಎಡದಿಂದ ಬಲಕ್ಕೂ ಬಾಗಿದೆ. ಹಾಳೆಯನ್ನು ಬಿಸಿ ಮಾಡಿ, ತೇವ ಕೊಟ್ಟು, ಸಣ್ಣ ತುಂಡುಗಳಾಗಿ ಜೋಡಿಸಿ, ಬಿಸಿ ಉಸುಕಿನ ಚೀಲ ಮೇಲೆ ಹೇರಿ ಒತ್ತಬೇಕು. ತುಂಡುಗಳ ನರ, ಅಂದರೆ ಮರದ ಗೆರೆ, ಎದುರುಬದುರು ಬರುವಂತೆ ಕೂರಿಸಬೇಕು. ಬಳ್ಳಿ ಹೂವಿನ ಚಿತ್ರ ಇದ್ದರೆ ಎಸಳಿಗೆ ನೆರಳು ಬೇಕಲ್ಲ, ಅದಕ್ಕೆ ತುಂಡಿನ ಅಂಚನ್ನು ಕಾದ ಉಸುಕಿನಲ್ಲಿ ಅದ್ದಿ ಸುಡುತ್ತಿದ್ದರು. ಬಣ್ಣ ಹಚ್ಚಿದ್ದಲ್ಲ, ಮರವೇ ಕಂದಿದ್ದು. ನಾನು ಒಂದು ತುಂಡಿನ ಮೇಲೆ ಮಾಡಿ ನೋಡಿದೆ. ಉಸುಕು ಜಾಸ್ತಿ ಕಾದರೆ ಅಂಚು ಕರಕಲು, ಕಡಿಮೆಯಾದರೆ ಏನೂ ಇಲ್ಲ. ನಡುವಿನ ಹದ ಸಿಗಬೇಕು.

ಒಂದು ಹಿಡಿಕೆಯ ಕಂಚಿನ ತಗಡು ಬಿಚ್ಚಿದಾಗ ಅಕ್ಕಾರನ್ನು ಕರೆದು ತೋರಿಸಿದೆ. ಹೊರಗೆಲ್ಲ ಗೋಧಿ ಹುಲ್ಲಿನ ಬಣ್ಣ. ತಗಡಿನ ಅಡಿಯಲ್ಲಿ ಬೆಳಕು ಬೀಳದ ಜಾಗದಲ್ಲಿ ಮಾತ್ರ ಹಳದಿ ಮೇಲೆ ಗುಲಾಬಿ ಪಟ್ಟೆ, ಈಗತಾನೆ ಕೊಯ್ದು ತಂದಂತೆ. ಅಂದರೆ ಮಾಡಿದ ಹೊಸದರಲ್ಲಿ ಇಡೀ ಕಪಾಟು ಆ ಬಣ್ಣದಲ್ಲಿತ್ತು. ನಾವು ಅಂದ ಅಂತ ನೋಡುವ ಈ ಹುಲ್ಲಿನ ಬಣ್ಣ, ಬಿಸಿಲು ಬಿದ್ದು ಬಣ್ಣ ಇಳಿದದ್ದು. "ಹಂಗಾದ್ರ ಇದು ಸೀರಿ ಇದ್ದಂಗ ಇತ್ತಾ!" ಅಂದರು ಅವರು.

ಒಂದು ಮೂಲೆಯಲ್ಲಿ ಎದ್ದಿದ್ದ ತುಂಡನ್ನು ಮೆಲ್ಲಗೆ ಎತ್ತಿ ಹಿಂಬದಿ ನೋಡಿದೆ. ಗರಗಸದ ಗೀರು ಕಣ್ಣಿಗೇ ಕಾಣುತ್ತದೆ, ಒಂದರ ಅಂತರ ಇನ್ನೊಂದಕ್ಕಿಲ್ಲ. ಕೈಯಿಂದ ಕೊಯ್ದದ್ದಕ್ಕೆ ಅದೇ ಗುರುತು. ಯಂತ್ರ ಕೊಯ್ದಿದ್ದರೆ ಗೀರುಗಳ ಅಂತರ ಒಂದೇ ಸಮ ಇರುತ್ತದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ 1800ರ ನಂತರ ಪ್ಯಾರಿಸ್ಸಿನಲ್ಲೇ ಹಳೆ ನಮೂನೆಯ ಕಪಾಟುಗಳನ್ನು ಹೊಸದಾಗಿ ರಾಶಿ ರಾಶಿ ಮಾಡಿದ್ದಾರೆ. ಮೋಸಕ್ಕೆ ಮಾಡಿದ್ದೂ ಇದೆ. 2016ರಲ್ಲಿ ವರ್ಸಾಯ್ ಅರಮನೆಯೇ 18ನೇ ಶತಮಾನದ್ದು ಅಂತ ಕೊಂಡಿದ್ದ ಕುರ್ಚಿಗಳು ನಕಲಿ ಅನ್ನುವ ಪ್ರಕರಣ ಹೊರಬಿತ್ತು. ಅರಮನೆಯವರೇ ಮೋಸ ಹೋದ ಮೇಲೆ ನಮ್ಮದೇನು? ಆದ್ದರಿಂದ ನಾನು ಮೊದಲು ನೋಡುವುದು ಹಿಂಬದಿ, ಆಮೇಲೆ ಮುಂಭಾಗ.

ಹಾಳೆ ಎದ್ದದ್ದಕ್ಕೆ ಕಾರಣ ನಮ್ಮ ಬೆಳಗಾವಿ ಹವೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ, ಏಪ್ರಿಲ್‌ನಲ್ಲಿ ಬಾಗಿಲು ಸಂದು ಬಿಡುತ್ತದೆ. ಒಡಲಿನ ಮರ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಿಲ್ಲ. ಮೇಲಿನ ಹಾಳೆಯ ನರ ಬೇರೆ ದಿಕ್ಕಿಗಿದ್ದರೆ ಎರಡಕ್ಕೂ ಜಗಳ. ನಡುವೆ ಇರುವ ಸರೇಸು ಅನ್ನುವ ಅಂಟು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು. ತೇವಕ್ಕೆ ಮೆತ್ತಗಾಗುತ್ತದೆ. ಅದು ದೋಷ ಅಂದುಕೊಳ್ಳಬೇಡಿ. ಮೆತ್ತಗಾಗುತ್ತದೆ ಅನ್ನುವ ಕಾರಣಕ್ಕೇ ಇನ್ನೂರು ವರ್ಷದ ಮೇಲೂ ಅದನ್ನು ಬಿಚ್ಚಿ ಮತ್ತೆ ಕೂರಿಸಬಹುದು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಹದವಾಗಿ ಒತ್ತಿದರೆ ಹಳೆ ಸರೇಸು ಎಚ್ಚರಗೊಳ್ಳುತ್ತದೆ. ಈ ಕಪಾಟಿಗೆ ಹಿಂದೊಮ್ಮೆ ಯಾರೋ ಪಾಲಿಶ್‌ನವರು ಬಂದು, ಎದ್ದಲ್ಲೆಲ್ಲ ಈಗಿನ ಬಿಳಿ ಅಂಟು ತುಂಬಿ, ಒಂದು ಪಕ್ಕಕ್ಕೆ ಕರೆಂಟಿನ ಸ್ಯಾಂಡರ್ ಹಿಡಿದಿದ್ದಾರೆ. ಅಲ್ಲಿ ಅರ್ಧ ಸೂತದ ಹಾಳೆ ಕಾಗದದಷ್ಟಾಗಿದೆ. ಓಕ್ ಮರ ಇಣುಕುತ್ತಿದೆ. ಬಿಳಿ ಅಂಟು ಬಿದ್ದ ಜಾಗವನ್ನು ಬಿಸಿ ಕೊಟ್ಟು ಬಿಡಿಸಲು ಹೋದರೆ ಹಾಳೆಯೇ ಹರಿದು ಬರುತ್ತದೆ. ನನಗೆ ಸಿಟ್ಟು ಬಂದದ್ದು ಆ ಬರಹ ಓದಿದಾಗಲ್ಲ, ಇದನ್ನು ನೋಡಿದಾಗ.

ಅಂದಹಾಗೆ, ಇಂಥ ಸಾಮಾನು ಇರುವವರು ಕಂಚಿನ ಹಿಡಿಕೆಗೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ದೀಪಾವಳಿಗೆ ಸಮೆ ತೊಳೆಯುವಾಗ ಕೈ ತಡೆಯುವುದಿಲ್ಲ, ಗೊತ್ತು. ಆದರೆ ಅದು ಬರೀ ಕಂಚಲ್ಲ, ಪಾದರಸದಲ್ಲಿ ಬಂಗಾರ ಕಲಸಿ ಬಳಿದು, ಬೆಂಕಿಗೆ ಹಿಡಿದು ಪಾದರಸ ಹಾರಿಸಿ ಉಳಿಸಿದ ಬಂಗಾರ. ಆ ಹೊಗೆ ಕುಡಿದು ಕುಡಿದು ಆರೋಗ್ಯ ಕೆಟ್ಟು ಹೋದ ಕೆಲಸಗಾರರು ಎಷ್ಟೋ. ಅದನ್ನು ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಇನ್ನು ಫ್ರೆಂಚ್ ಕಪಾಟು ಅಂತ ಅದಕ್ಕೆ ಫ್ರೆಂಚ್ ಪಾಲಿಶ್ ಬಳಿಸುವ ಆಸೆಯೂ ಬೇಡ. ಆ ಪಾಲಿಶ್ ಬಳಕೆಗೆ ಬಂದದ್ದೇ 1800 ದಾಟಿದ ಮೇಲೆ, ಅದಕ್ಕೆ ಬೇಕಾದ ಅರಗು ಹೋದದ್ದು ನಮ್ಮ ದೇಶದಿಂದ!

ಮಾರ್ಬಲ್ ಎತ್ತಲು ನಾಲ್ಕು ಆಳು ಬೇಕಾಯಿತು. ಮೇಲ್ಮೈ ಕನ್ನಡಿ, ಅಡಿಭಾಗ ಉಳಿ ಏಟಿನ ಒರಟು. ಕಾಣದ ಜಾಗಕ್ಕೆ ಸುಮ್ನೆ ಯಾಕೆ ದುಡಿಯಬೇಕು ಅಂತ ಕಲ್ಲಿನವನ ಲೆಕ್ಕ. ಕಲ್ಲು ಮುಚ್ಚಿದ್ದ ಮುಂಗಂಬದ ತಲೆಯ ಮೇಲೆ, ಬೆರಳಗಲದ ಜಾಗದಲ್ಲಿ ಸಿಕ್ಕಾ, ಅಂದರೆ ಮುದ್ರೆ, ಒತ್ತಿದ್ದು ಕಂಡಿತು. ಜೆ.ಎಂ.ಇ. ಅನ್ನುವ ಮೂರು ಅಕ್ಷರ ಸ್ಪಷ್ಟ. ಪಕ್ಕದಲ್ಲಿ ಮಾಡಿದವನ ಹೆಸರು ಇರಬೇಕು, ಇತ್ತು ಕೂಡ. ಆದರೆ ಕಲ್ಲು ಸಮ ಕೂರಲಿ ಅಂತ ಯಾರೋ ಅಲ್ಲಿ ರಂದಾ ಹೊಡೆದಿದ್ದಾರೆ. ಹೆಸರಿನ ಬುಡ ಮಾತ್ರ ಗೀಟು ಗೀಟಾಗಿ ಉಳಿದಿದೆ.

ನನ್ನ ಮಗಳು ಇಂಟೀರಿಯರ್ ಡಿಸೈನ್ ಓದಿದವಳು. ಅವಳು ಕೂತು ಲಂಡನ್, ಪ್ಯಾರಿಸ್ ಮ್ಯೂಸಿಯಂಗಳದ್ದೆಲ್ಲ ತೆಗೆದು ಓದಿ ಹೇಳಿದಳು. ಪ್ಯಾರಿಸ್ ಬಡಿಗರಿಗೆ ಒಂದು ಸಂಘ ಇತ್ತು. ಅದರ ಹೆಸರಿನ ಮೊದಲಕ್ಷರಗಳೇ ಆ ಮೂರು. 1743ರಲ್ಲಿ ಮಾಡಿದ, 1751ರಲ್ಲಿ ಅಧಿಕೃತವಾದ ನಿಯಮದ ಪ್ರಕಾರ ಪ್ರತಿ ಯಜಮಾನ ಬಡಿಗ ತಾನು ಮಾಡಿದ ಸಾಮಾನಿನ ಮೇಲೆ ತನ್ನ ಹೆಸರಿನ ಸಿಕ್ಕಾ ಒತ್ತಲೇಬೇಕು. ಸಂಘದ ಪಂಚರು ವರ್ಷಕ್ಕೆ ನಾಲ್ಕು ಸಲ ಕಾರ್ಖಾನೆಗೆ ಬಂದು ನೋಡುತ್ತಿದ್ದರು. ಕೆಲಸ ಒಪ್ಪಿಗೆಯಾದರೆ ಆ ಮೂರಕ್ಷರ ಬೀಳುತ್ತಿತ್ತು, ಇಲ್ಲದಿದ್ದರೆ ಜಪ್ತಿ. ರಾಜನ ಆಶ್ರಯದಲ್ಲಿದ್ದವರಿಗೆ ಈ ಕಟ್ಟಳೆ ಇರಲಿಲ್ಲ. ಕ್ರಾಂತಿಯಾಗಿ 1791ರಲ್ಲಿ ಸಂಘಗಳೇ ರದ್ದಾದವು.

ಸಿಕ್ಕಾ ಇದ್ದರೆ ಎಲ್ಲ ಸತ್ಯ ಅಂತಲೂ ಅಲ್ಲ. ಜಾಂ ಫ್ರಾನ್ಸ್ವಾ ಓಬೆನ್ ಅಂತ ದೊಡ್ಡ ಬಡಿಗ. ಜರ್ಮನಿ ಕಡೆಯಿಂದ ಪ್ಯಾರಿಸ್ಸಿಗೆ ಬಂದವನು. ಹದಿನೈದನೇ ಲೂಯಿ ರಾಜನಿಗೆ ಒಂದು ಬರೆಯುವ ಮೇಜು ಮಾಡಲು 1760ರಲ್ಲಿ ಹಿಡಿದ. 1763ರಲ್ಲಿ ತೀರಿಕೊಂಡ. ಹೆಂಡತಿ ಕಾರ್ಖಾನೆ ಮುಚ್ಚಲಿಲ್ಲ. ಅಲ್ಲೇ ಕೆಲಸಕ್ಕಿದ್ದ ಜಾಂ ಹೆನ್ರಿ ರೀಸ್ನರ್ ಕೆಲಸ ನೋಡಿಕೊಂಡ, ಆಮೇಲೆ ಆಕೆಯನ್ನು ಮದುವೆಯೂ ಆದ. 1768ರಲ್ಲಿ ತಾನು ಯಜಮಾನ ಆಗುವ ತನಕ ರೀಸ್ನರ್ ಮಾಡಿದ್ದಕ್ಕೆಲ್ಲ ಸತ್ತ ಓಬೆನ್ನನ ಸಿಕ್ಕಾವೇ ಬೀಳುತ್ತಿತ್ತು. ಆ ರಾಜನ ಮೇಜು ಮುಗಿದಾಗ ಮಾತ್ರ ಬಿಡಲಿಲ್ಲ ನೋಡಿ. ಮರದ ತುಂಡುಗಳನ್ನೇ ಅಕ್ಷರವಾಗಿ ಕೂರಿಸಿ ತನ್ನ ಹೆಸರು, 1769 ಅಂತ ಇಸವಿ, ಜಾಗ, ಎಲ್ಲ ಬರೆದ. ಅದನ್ನು ಯಾರು ರಂದಾ ಹೊಡೆದು ತೆಗೆಯುತ್ತಾರೆ? ಮುಂದೆ ಅವನು ರಾಜನ ಬಡಿಗ ಆದ. ದರ ಜಾಸ್ತಿ ಅಂತ ಅರಮನೆ ಕೆಲಸ ಕೈತಪ್ಪಿತು. ಕ್ರಾಂತಿ ಕಾಲದ ಲಿಲಾವಿನಲ್ಲಿ ತಾನೇ ಮಾಡಿದ ಸಾಮಾನನ್ನು ತಾನೇ ಕೊಂಡು, ಮುಂದೆ ಮಾರಬಹುದು ಅಂತ ಕಾದ. ಗಿರಾಕಿ ಬರಲಿಲ್ಲ. 1806ರಲ್ಲಿ ಹೋದ. ಇದನ್ನು ಓದುವಾಗ ನನ್ನ ಮಗಳು ಸುಮ್ಮನಾದಳು, ನಾನೂ.

ಇನ್ನೊಬ್ಬನದು ಬರೀ ನಾಲ್ಕು ಅಕ್ಷರ. ಬಿ.ವಿ.ಆರ್.ಬಿ. ಜಪಾನಿನ ಲ್ಯಾಕರ್ ಮೆರುಗಿನ ಹಲಗೆಗಳನ್ನು ಕಪಾಟಿನ ಮೈಗೆ ಕೂರಿಸುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಆದರೆ ಇವನು ಯಾರು ಅಂತಲೇ ಎಷ್ಟೋ ಕಾಲ ಯಾರಿಗೂ ತಿಳಿದಿರಲಿಲ್ಲ. 1957ರಲ್ಲಿ ಹಳೆ ಕಾಗದಪತ್ರ ತೆಗೆದು ನೋಡಿ, ಬರ್ನಾರ್ಡ್ ವಾನ್ ರಿಸೆನ್‌ಬರ್ಗ್ ಅಂತ ಕಂಡುಹಿಡಿದರು. ಸತ್ತು ಹೆಚ್ಚುಕಡಿಮೆ ಇನ್ನೂರು ವರ್ಷದ ಮೇಲೆ ಮನುಷ್ಯ ವಾಪಸ್ ಬಂದ, ನಾಲ್ಕೇ ಅಕ್ಷರದಿಂದ.

ಇದರಲ್ಲಿ ನನಗೆ ಮಜಾ ಅನಿಸಿದ್ದು ಬೇರೆ. ನಾವು ಪಂಚಾಳರು ಅಂತೀವಲ್ಲ, ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ. ಕಮ್ಮಾರ, ಬಡಿಗೇರ, ಕಂಚಗಾರ, ಶಿಲ್ಪಿ, ಪತ್ತಾರ. ಈ ಒಂದು ಕಪಾಟಿನಲ್ಲಿ ಐದೂ ಇವೆ. ಬೀಗ, ಒಡಲು, ಹಿಡಿಕೆ, ಹಾಸು, ಲೇಪ. ಪ್ಯಾರಿಸ್ಸಿನಲ್ಲಿ ಇವರೆಲ್ಲ ಬೇರೆ ಬೇರೆ ಸಂಘ, ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವ ಹಾಗಿಲ್ಲ. ಶಾರ್ಲ್ ಕ್ರೆಸಾಂ ಅನ್ನುವ ಬಡಿಗ ಕಂಚನ್ನೂ ತನ್ನ ಕಾರ್ಖಾನೆಯಲ್ಲೇ ಎರಕ ಹೊಯ್ಯಿಸಿದ ಅಂತ ಅವನ ಮೇಲೆ ಮತ್ತೆ ಮತ್ತೆ ಕೇಸು ಬಿತ್ತು. ಐವರು ಸೇರಿ ಮಾಡಿದರೂ ಸಿಕ್ಕಾ ಒಬ್ಬ ಬಡಿಗನದೇ. ಕಂಚಿನವನು, ಕಲ್ಲಿನವನು, ಬಂಗಾರ ಬಳಿದು ಹೊಗೆ ಕುಡಿದವನು ಸಾಮಾನ್ಯವಾಗಿ ಎಲ್ಲೂ ಇಲ್ಲ. ಅದು ಅನ್ಯಾಯವೇ. ಆದರೂ ಒಬ್ಬನದಾದರೂ ಇದೆ.

ನಮ್ಮಲ್ಲಿ? ಗುಡಿಯ ಫ್ಯಾನಿನ ರೆಕ್ಕೆ ಮೇಲೆ ಕೊಟ್ಟವರ ಹೆಸರು ಇರುತ್ತದೆ. ಮದುವೆಗೆ ಕೊಡುವ ಸ್ಟೀಲ್ ಡಬರಿ ಮೇಲೆ ಅಂಗಡಿಯಲ್ಲೇ ಹೆಸರು ಕೊರೆಸುತ್ತೇವೆ. ವಾಡೆಯ ದೊಡ್ಡ ಬಾಗಿಲ ಮೇಲೆ ಕಟ್ಟಿಸಿದ ಧಣಿಯ ಹೆಸರು. ಆ ಬಾಗಿಲಿಗೆ ಕಮಲ, ಗಿಳಿ, ಬಳ್ಳಿ ಕೊರೆದವನ ಹೆಸರು ಎಲ್ಲಿ? ನಮ್ಮ ಅಪ್ಪ ಮಾಡಿದ ಚೌಕಟ್ಟುಗಳು ಈ ಊರಿನ ಹಳೆ ಗಲ್ಲಿಗಳಲ್ಲಿ ಇನ್ನೂ ನಿಂತಿವೆ. ಅದನ್ನು ನಾನು ತೋರಿಸಬಲ್ಲೆ. ನನ್ನ ನಂತರ ತೋರಿಸುವವರಿಲ್ಲ. ವಾಡೆ ಕೆಡವಿದಾಗ ಆ ಬಾಗಿಲುಗಳು ಹೋಟೆಲ್, ರೆಸಾರ್ಟ್ ಸೇರುತ್ತವೆ. ಅಲ್ಲಿ ಚೀಟಿ ಅಂಟಿಸುತ್ತಾರೆ, ಹಳೆ ಸಾಗವಾನಿ ಬಾಗಿಲು, ಉತ್ತರ ಕರ್ನಾಟಕ ಅಂತ. ಮರದ ಜಾತಿ ಗೊತ್ತು, ಊರು ಗೊತ್ತು, ಮನುಷ್ಯ ಗೊತ್ತಿಲ್ಲ.

ಹೆಸರು ಹಾಕುವುದು ನಮ್ಮ ಪದ್ಧತಿ ಅಲ್ಲ, ವಿನಯ ಬೇಕು ಅಂತ ಕೆಲವರು ಹೇಳುತ್ತಾರೆ. ಪಟ್ಟದಕಲ್ಲಿಗೆ ಹೋಗಿ ನೋಡಲಿ. ಬಾಗಲಕೋಟೆ ಜಿಲ್ಲೆ, ದೂರವೇನಲ್ಲ. 8ನೇ ಶತಮಾನದಲ್ಲಿ ಲೋಕಮಹಾದೇವಿ ರಾಣಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಸೂತ್ರಧಾರಿ (ಗುಡಿ ಕಟ್ಟಿದ ಮುಖ್ಯ ಶಿಲ್ಪಿ) ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟದ್ದೂ ಇದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಪ್ಯಾರಿಸ್ಸಿನ ನಿಯಮಕ್ಕಿಂತ ಸಾವಿರ ವರ್ಷ ಮೊದಲು. ಕಲ್ಲಿನವರಿಗೆ ಸಲ್ಲುವುದು ಮರದವರಿಗೆ ಯಾಕೆ ಸಲ್ಲಬಾರದು?

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಿಂದ ಇದೆ. ಹದಿನೆಂಟು ಕಸುಬುಗಳಲ್ಲಿ ಬಡಿಗತನವೂ ಒಂದು. ಪ್ರಮಾಣಪತ್ರ, ಗುರುತಿನ ಚೀಟಿ ಕೊಡುತ್ತಾರೆ, ಉಪಕರಣಕ್ಕೆ 15,000 ರೂಪಾಯಿ ತನಕ ನೆರವು ಇದೆ. ಒಳ್ಳೆಯದೇ. ನನ್ನ ಚೀಟಿ ಕಿಸೆಯಲ್ಲಿದೆ. ಆದರೆ ನಾನು ಮಾಡಿದ ಬಾಗಿಲ ಮೇಲೆ ಏನೂ ಇಲ್ಲ. ಆ ಉಪಕರಣದ ಪಟ್ಟಿಯಲ್ಲಿ ಒಂದು ಕಬ್ಬಿಣದ ಸಿಕ್ಕಾವನ್ನೂ ಸೇರಿಸಲಿ. ಬಡಿಗನ ಹೆಸರಿನ ಮೊದಲಕ್ಷರ, ಊರು, ಅಷ್ಟು ಸಾಕು. ಇಸವಿಯನ್ನು ಉಳಿಯಲ್ಲೇ ಕೊರೆಯಬಹುದು. ಕಾಣುವ ಕಡೆ ಬೇಡ. ಡ್ರಾವರ್ ಹಿಂದೆ, ಚೌಕಟ್ಟಿನ ತಲೆ ಮೇಲೆ, ಮಂಚದ ಪಟ್ಟಿಯ ಒಳಗೆ. ಐಟಿಐನಲ್ಲಿ ಕಲಿಯುವ ಹುಡುಗರಿಗೆ ಮೊದಲ ಸ್ಟೂಲ್ ಮಾಡಿದ ದಿನವೇ ಒತ್ತಲು ಹೇಳಿಕೊಡಲಿ. ರಾಜಸ್ಥಾನ, ಉತ್ತರ ಪ್ರದೇಶದಿಂದ ಬಂದು ನಮ್ಮೂರ ಅಡುಗೆಮನೆಗಳನ್ನು ಕಟ್ಟುವ ಹುಡುಗರೂ ಒತ್ತಲಿ. ರೀಸ್ನರ್ ಕೂಡ ಪರವೂರಿನವನೇ. ಹೆಸರು ಬೀಳುತ್ತದೆ ಅಂದರೆ ಒಳಗಿನ ಮೊಳೆಯನ್ನೂ ನೆಟ್ಟಗೆ ಹೊಡೆಯುತ್ತಾರೆ, ಇದು ನನ್ನ ಕಸುಬಿನ ಅನುಭವ. ಗಿರಾಕಿಗಳೂ ಕೇಳಬೇಕು. ಲಕ್ಷಗಟ್ಟಲೆ ಕೊಟ್ಟು ವಾರ್ಡ್‌ರೋಬ್ ಮಾಡಿಸುತ್ತೀರಿ, ಯಾವ ಕಂಪನಿಯ ಪ್ಲೈ, ಯಾವ ಕಂಪನಿಯ ಕೀಲು ಅಂತ ಬಾಯಿಪಾಠ ಹೇಳುತ್ತೀರಿ. ಮಾಡಿದವನ ಹೆಸರು ಕೇಳಿದರೆ ‘ಯಾರೋ ಕಾರ್ಪೆಂಟರ್’ ಅನ್ನುತ್ತೀರಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಹಳೆ ಮನೆ, ಹಳೆ ರಥ, ಹಳೆ ಬಾಗಿಲಿನ ಬಗ್ಗೆ ಬರೆದಾಗ ಕೊರೆದವರು ಯಾರು ಅಂತ ಓಣಿಯ ಹಿರಿಯರನ್ನು ಒಂದು ಮಾತು ಕೇಳಿ ಬರೆಯಿರಿ. ಗೊತ್ತಿರುವವರು ಇನ್ನೂ ಇದ್ದಾರೆ. ಪುರವಣಿಯ ಆ ವೆನಿಯರ್ ಸಾಲನ್ನೂ ಒಮ್ಮೆ ತಿದ್ದಿ ಹಾಕಿ, ಇನ್ಯಾರೋ ಗುಜರಿಗೆ ಕೊಟ್ಟಾರು.

ಕ್ಯಾಂಪಿನ ಆ ಅಕ್ಕಾರು ಕಪಾಟು ಮಾರುತ್ತಿಲ್ಲ. ಎದ್ದ ಹಾಳೆಗಳನ್ನು ಸರೇಸಿನಲ್ಲೇ ಕೂರಿಸಿದ್ದೇನೆ, ಡ್ರಾವರ್ ಜಾರುವ ಪಟ್ಟಿಗೆ ಮೇಣ ತಿಕ್ಕಿದ್ದೇನೆ. ಸ್ಯಾಂಡರ್ ತಿಂದ ಪಕ್ಕವನ್ನು ಹಾಗೆಯೇ ಬಿಟ್ಟಿದ್ದೇನೆ.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ. ನನ್ನ ಹೆಸರು, ವಿಳಾಸ ಲಕೋಟೆ ಮೇಲಿದೆ, ಅಚ್ಚು ಹಾಕಬೇಡಿ. ಹೆಸರು ಬೇಕು ಅಂತ ಇಷ್ಟುದ್ದ ಬರೆದವನು ತನ್ನದನ್ನೇ ಮುಚ್ಚಿಡುತ್ತಾನಲ್ಲ ಅಂತ ನಗಬೇಡಿ. ನಾನು ಯಾರ ಮನೆಗೆ ಕೆಲಸಕ್ಕೆ ಹೋಗುತ್ತೇನೆ ಅಂತ ಅರ್ಧ ಊರಿಗೆ ಗೊತ್ತು. ಹೆಸರು ಬಿದ್ದರೆ ಬಂಗಾರದ ಹಿಡಿಕೆ ಹುಡುಕಿಕೊಂಡು ಬೇರೆಯವರು ಅಕ್ಕಾರ ಮನೆಗೆ ಹೋದಾರು.

ಇಂತಿ ನಿಮ್ಮ ಓದುಗ,
ಒಬ್ಬ ಬಡಿಗ
ವಡಗಾವಿ, ಬೆಳಗಾವಿ